ಸವೆದ ಲಾಳ

— ಮಾವ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರದು.

— ತೇರು ನೋಡೋಕೆ ಅಂತ ಗುಂಡ್ಲುಪೇಟೆಯಿಂದ ಬಂದವಳು ಕಾಫಿ ಲೋಟ ಕೆಳಗಿಟ್ಟು ಹೀಗೆ ಕೇಳಿದ್ರೆ ಅದು ಬೇಜಾರಿನ ಮಾತೇ ಇರ್ಬೇಕು. ಕೇಳು ಕೂಸು.

— ತಾತನ ಜಟಕಾ ಕುದುರೆದು ನಿಮ್ಮ ಹತ್ರ ಏನಾದ್ರೂ ಉಳಿದಿದೆಯಾ? ಲಗಾಮು, ಗೆಜ್ಜೆ, ಒಂದು ಫೋಟೊ?

— ಇಲ್ಲ.

— ಏನೂ ಇಲ್ವಾ?

— ಏನೂ ಇಲ್ಲ. ಸತ್ತು ನಲವತ್ತು ವರ್ಷದ ಮೇಲಾಯ್ತು. ಈಗ್ಯಾಕೆ ನೆನಪಾಯ್ತು?

— ಹೊರದೇಶದಲ್ಲಿ ಕುದುರೆ ಸಾಕಿದವರು ಅದು ಸತ್ತರೆ ಬಾಲದ ಕೂದಲನ್ನ ಹೆಣೆಸಿ ಕೈಗೆ ಕಡಗದ ಹಾಗೆ ಹಾಕ್ಕೋತಾರೆ. ಹೆಣೆದು ಕೊಡೋದನ್ನೇ ಕಸುಬು ಮಾಡ್ಕೊಂಡವರಿದ್ದಾರೆ. ಕೂದಲು ಕತ್ತರಿಸಿ ಇಟ್ಕೊಳ್ಳೋಕೆ ಮರೆತವರದು ಬೇರೆಯೇ ಸಂಕಟ. ಅದನ್ನ ಓದ್ತಿದ್ದಾಗ ನೀವು ನೆನಪಾದಿರಿ. ಕುದುರೆ ಹೋದಾಗ ನೀವು ಮೂರು ದಿನ ಯಾರ ಜೊತೆಗೂ ಮಾತಾಡ್ಲಿಲ್ಲ ಅಂತ ಅಮ್ಮ ಹೇಳ್ತಿರ್ತಾರೆ.

— ನಿಮ್ಮಮ್ಮ ಎಲ್ಲವನ್ನೂ ಒಂದು ದಿನ ಹೆಚ್ಚಿಗೇ ಹೇಳೋದು. ಎರಡು ದಿನ ಅಷ್ಟೆ. ಮೂರನೇ ದಿನ ಸೋಮವಾರ, ಸ್ಕೂಲಿಗೆ ಹೋಗಿ ಮಗ್ಗಿ ಹೇಳಿಸಿದ್ದೀನಿ. ಆದ್ರೆ ಈ ಕೂದಲಿನ ಕಡಗ ಚೆನ್ನಾಗಿದೆಯಲ್ಲ. ದೊಡ್ಡವರು ಇನ್ನೂ ದೂರ ಹೋಗಿದ್ದಾರೆ. ನೆಪೋಲಿಯನ್ನನ ಕುದುರೆ ಮರೆಂಗೊ ಅಂತ ಒಂದಿತ್ತು. ವಾಟರ್‌ಲೂನಲ್ಲಿ ಅದು ಇಂಗ್ಲಿಷರ ಕೈಗೆ ಸಿಕ್ಕಿ, ಸತ್ತಿದ್ದು 1831ರಲ್ಲಿ. ಅದರ ಎಲುಬಿನ ಗೂಡು ಲಂಡನ್ನಿನ ಸೇನಾ ಮ್ಯೂಸಿಯಂನಲ್ಲಿ ಇವತ್ತಿಗೂ ನಿಂತಿದೆ. ಒಂದು ಗೊರಸು ಏನಾಯ್ತು ಗೊತ್ತಾ? ನಶ್ಯದ ಡಬ್ಬಿ.

— ನಶ್ಯದ ಡಬ್ಬಿನಾ?

— ಹೂಂ. ಅದೂ ಗೆದ್ದವರ ಮನೆಯ ಡಬ್ಬಿ. ನಮ್ಮಪ್ಪನೂ ನಶ್ಯ ಹಾಕ್ತಿದ್ದ. ಅವನ ಡಬ್ಬಿ ತಗಡಿಂದು.

— ನಗಿಸಿ ಜಾರ್ಕೋಬೇಡಿ. ಒಂದು ಎಳೆ ಕೂದಲೂ ನೀವ್ಯಾಕೆ ಇಟ್ಕೊಳ್ಳಲಿಲ್ಲ?

— ಇಟ್ಕೊಳ್ಳೋಕೆ ನಮಗೆ ಉಳಿದಿದ್ರೆ ತಾನೆ? ನರಹುಲಿ ಎದ್ದ ಮಕ್ಕಳನ್ನ ಕರ್ಕೊಂಡು ತಾಯಂದಿರು ಬೆಳಬೆಳಿಗ್ಗೆ ನಮ್ಮ ಹಟ್ಟಿ ಮುಂದೆ ನಿಲ್ಲೋರು. ಕುದುರೆ ಬಾಲದ ಕೂದಲು ಬಿಗಿದು ಕಟ್ಟಿದ್ರೆ ನರಹುಲಿ ಉದುರುತ್ತೆ ಅಂತ. ಅಪ್ಪ ಒಂದೊಂದೇ ಎಳೆ ಕಿತ್ತು ಕೊಡೋನು, ಕಾಸು ತಗೋತಿರಲಿಲ್ಲ. ಕುದುರೆ ಒಂದು ಸಲ ಚರ್ಮ ಅದುರಿಸಿ ಸುಮ್ಮನಾಗ್ತಿತ್ತು. ಲದ್ದಿ ಕರಿವರದರಾಜ ಬೆಟ್ಟದ ಕಡೆಯ ಹೊಲದವರು ಗಾಡಿಗೆ ತುಂಬ್ಕೊಂಡು ಹೋಗೋರು. ಇನ್ನು ಲಾಳ. ಅದರ ಕಥೆ ಹೇಳಿದ್ರೆ ಮುಗಿಯಲ್ಲ.

— ಹೇಳಿ. ತೇರು ಮುಗಿದಾಯ್ತು, ನನ್ನ ಬಸ್ಸು ಸಾಯಂಕಾಲಕ್ಕೆ.

— ಕುದುರೆ ನಮ್ಮನೆಗೆ ಬಂದಿದ್ದು 1969ರಲ್ಲಿ. ಹೋದದ್ದು 1983. ಹದಿನಾಲ್ಕು ವರ್ಷ. ಕಲ್ಲು ರಸ್ತೆ, ಟಾರು ರಸ್ತೆ ಎರಡರ ಮೇಲೂ ಓಡೋ ಜಟಕಾ ಕುದುರೆ, ತಿಂಗಳು ತುಂಬೋದ್ರೊಳಗೆ ಲಾಳ ಸವೀತಿತ್ತು. ತಿಂಗಳಿಗೊಂದು ಜೊತೆ ಲೆಕ್ಕ ಹಿಡಿ. ನಾಲ್ಕು ಕಾಲಿಗೆ ನಾಲ್ಕು, ವರ್ಷಕ್ಕೆ ನಲವತ್ತೆಂಟು, ಹದಿನಾಲ್ಕು ವರ್ಷಕ್ಕೆ?

— ನನ್ನನ್ನೂ ಮಗ್ಗಿ ಕೇಳ್ತೀರಲ್ಲ. 672.

— 672 ಲಾಳ. ಒಂದಷ್ಟು ಗುಜರಿಗೆ ಹೋಗಿರ್ಬೇಕು. ಮಿಕ್ಕಿದ್ದೆಲ್ಲ ಈ ಊರಿನ ಬಾಗಿಲುಗಳಿಗೆ. ಹೊಸಿಲಿಗೆ ಹೊಡೆಯೋಕೆ, ಬಾಗಿಲ ನೆತ್ತಿಗೆ ಹೊಡೆಯೋಕೆ, ಅಂಗಡಿ ಗಲ್ಲದ ಕೆಳಗೆ ಇಡೋಕೆ. ಶನಿಕಾಟ ಅಂತ ಉಂಗುರ ಬಡಿಸಿಕೊಳ್ಳೋರು ಬೇರೆ. ಹೊಸ ಲಾಳ ಆಗ್ತಿರಲಿಲ್ಲ ಅವರಿಗೆ, ಓಡಿ ಸವೆದದ್ದೇ ಬೇಕು. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದಕ್ಕೆ ಶಕ್ತಿ ಇಲ್ಲ ಅನ್ನೋ ನಂಬಿಕೆ. ಲಾಳ ಕಟ್ಟುವವನು ಬಂದ ದಿನ ನಮ್ಮನೆ ಮುಂದೆ ನಾಲ್ಕು ಜನ ಕಾಯ್ತಾ ಕೂತಿರೋರು.

— ನೀವೂ ಕೂತಿರ್ತಿದ್ರಾ?

— ನನ್ನದು ಕೆಲಸ ಇತ್ತು. ಎತ್ತಿಗಾದ್ರೆ ಹಗ್ಗ ಹಾಕಿ ಕೆಡವಿ ಲಾಳ ಕಟ್ತಾರೆ. ಕುದುರೆ ನಿಂತೇ ಕಾಲು ಕೊಡಬೇಕು. ಆ ಕಾಲನ್ನ ಮೊಣಕಾಲ ಮಧ್ಯ ಹಿಡ್ಕೊಂಡು ಗೊರಸಿನ ಒಳಗಿನ ಮಣ್ಣು, ಜಲ್ಲಿ ಕೆರೆದು ತೆಗೆಯೋದು ನನ್ನ ಪಾಲಿನ ಕೆಲಸ. ಹಂಗಾಗಿ ಅದರ ಕಾಲು ನನಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಹಿಂದಿನ ಬಲಗಾಲನ್ನ ಅದು ಕೊಂಚ ಹೊರಗೆ ಎಸೆದು ಇಡ್ತಿತ್ತು. ಆ ಲಾಳದ ಹೊರಮೂಲೆ ಯಾವಾಗಲೂ ಮುಂಚೆ ಸವೆದು ತೆಳ್ಳಗಾಗೋದು, ಎಲೆಯಡಿಕೆ ಅಡಕೊತ್ತಿನ ಬಾಯಿ ಥರ.

— ಅದರ ಹೆಸರೇನಿತ್ತು ಮಾವ? ಅಮ್ಮನೂ ಯಾವತ್ತೂ ಹೇಳಿಲ್ಲ.

— ಹೆಸರೇ ಇರಲಿಲ್ಲ. ಅಪ್ಪ ‘ಮಗಾ’ ಅಂತ ಕೂಗೋನು. ನನ್ನನ್ನೂ ಹಂಗೇ. ಹಿತ್ತಿಲಲ್ಲಿ ನಿಂತು ಕೂಗಿದ್ರೆ ನಾನು ಪುಸ್ತಕ ಮಡಚಿ ಏಳ್ತಿದ್ದೆ, ಅದು ಕಿವಿ ತಿರುಗಿಸ್ತಿತ್ತು. ಕರೆದದ್ದು ಯಾರನ್ನ ಅಂತ ಆಮೇಲೆ ಗೊತ್ತಾಗ್ತಿತ್ತು. ಹೆಚ್ಚಾಗಿ ಅದನ್ನೇ.

— ಬೇಜಾರಾಗ್ತಿರಲಿಲ್ವಾ?

— ಊಟ ತರೋದು ಅದು. ನಾನು ಉಣ್ಣೋನು. ಬೇಜಾರು ಮಾಡ್ಕೊಳ್ಳೋಕೆ ನನಗೇನು ಹಕ್ಕಿತ್ತು? ಮೈಸೂರಿಂದ ಬರೋ ಮೀಟರ್‌ಗೇಜ್ ರೈಲು ಸ್ಟೇಷನ್ನಿಗೆ ಬಂದಾಗ ಇದು ಹೊರಗೆ ಹುಲ್ಲು ಮೆಲ್ತಾ ನಿಂತಿರೋದು. ನಿಮ್ಮೂರಿಗೆ ರೈಲೇ ಇಲ್ಲವಲ್ಲ, ಈ ಸುಖ ನಿಮಗೆ ಗೊತ್ತಿಲ್ಲ. ಆಷಾಢದ ತೇರು ಬಂತು ಅಂದ್ರೆ ಅದಕ್ಕೆ ಉಸಿರಾಡೋಕೂ ಪುರುಸೊತ್ತಿಲ್ಲ. ಬೇರೆ ಕಡೆ ಆಷಾಢ ಅಂತ ಹೊಸ ಹೆಣ್ಣನ್ನ ತವರಿಗೆ ಕಳಿಸಿ ಗಂಡನಿಂದ ದೂರ ಇಡ್ತಾರೆ. ಇಲ್ಲಿ ಆಷಾಢದಲ್ಲೇ ತೇರು, ಹೊಸ ಜೋಡಿಗಳೆಲ್ಲ ಬಂದು ಹಣ್ಣು ಜವನ ಎಸೀಬೇಕು. ಆ ಗಂಡು ಹೆಣ್ಣು ಸ್ಟೇಷನ್ನಿಂದ ಗುಡಿವರೆಗೆ ಪಕ್ಕಪಕ್ಕ ಕೂರೋಕೆ ಸಿಕ್ಕೋ ಜಾಗ ಅಂದ್ರೆ ನಮ್ಮ ಜಟಕಾ ಒಂದೇ. ಅಂಥ ಸವಾರಿ ಇದ್ದಾಗ ಅಪ್ಪ ಕುದುರೆಯನ್ನ ಬೇಕಂತಲೇ ನಿಧಾನ ಹೊಡೆಯೋನು.

— ಅಯ್ಯೋ, ತಾತ!

— ಹೂಂ. ಬಾಡಿಗೆ ಅಷ್ಟೆ, ದಾರಿ ಉದ್ದ.

— ಸತ್ತದ್ದು ಹೇಗೆ?

— ಹೊಟ್ಟೆಶೂಲೆ. ಕುದುರೆಗೆ ವಾಂತಿ ಆಗಲ್ಲ ಕೂಸು. ಅದರ ದೇಹವೇ ಹಂಗೆ, ಒಳಗೆ ಹೋದದ್ದು ತಿರುಗಿ ಬರೋ ದಾರಿ ಇಲ್ಲ. ಹಂಗಾಗಿ ಹೊಟ್ಟೆ ಉಬ್ಬರಿಸಿದ್ರೆ ಅದು ಪ್ರಾಣದ ಮಾತು. ರಾತ್ರಿಯೆಲ್ಲ ಅಪ್ಪ ಅದನ್ನ ಮಲಗೋಕೆ ಬಿಡದೆ ಬೀದಿಯಲ್ಲಿ ನಡೆಸಿದನಂತೆ. ನಿಂತೇ ನಿದ್ದೆ ಮಾಡೋ ಪ್ರಾಣಿ ಅದು. ಬೆಳಗಿನ ಜಾವ ಮಲಗಿತು ಅಂದಾಗಲೇ ಅವ್ವನಿಗೆ ಗೊತ್ತಾಯ್ತಂತೆ. ನಾನಾಗ ಯಳಂದೂರು ಕಡೆ ಒಂದು ಹಳ್ಳಿ ಸ್ಕೂಲಲ್ಲಿ ಮೇಷ್ಟ್ರು. ಶನಿವಾರ ಸ್ಕೂಲು ಬಿಟ್ಟು ಬಂದೆ. ಹಿತ್ತಿಲ ಲಾಯ ಗುಡಿಸಿ, ಸಗಣಿ ಸಾರಿಸಿತ್ತು. ಅಷ್ಟು ಚೊಕ್ಕಟವಾಗಿ ಅದನ್ನ ಯಾವತ್ತೂ ನೋಡಿರಲಿಲ್ಲ. ಅದನ್ನ ನೋಡಿಯೇ ತಿಳೀತು.

— ಸಾಮಾನೆಲ್ಲ?

— ಗಾಡಿಯನ್ನ ಇನ್ನೊಬ್ಬ ಜಟಕಾದವನಿಗೆ ಕೊಟ್ಟಾಗಿತ್ತು. ಲಗಾಮು, ಕಣ್ಣುಪಟ್ಟಿ, ಗೆಜ್ಜೆ ಎಲ್ಲ ಅವನಿಗೇ. ಹಾಸಿದ್ದ ಗೋಣಿ ಸುಟ್ಟಿದ್ರು. ಕೆರೆ ಆಚೆ ಹೂಳಿದ್ರು. ಈಗ ಅಲ್ಲಿ ಬಡಾವಣೆ, ಯಾರ ಮನೆ ಕೆಳಗಿದೆಯೋ. ಹೂಳೋ ಮುಂಚೆ ಅಪ್ಪ ಲಾಳ ಕಟ್ಟುವವನನ್ನ ಕರೆಸಿ ನಾಲ್ಕೂ ಕಾಲಿನ ಲಾಳ ಬಿಚ್ಚಿಸಿದ್ದ. ‘ಕಬ್ಬಿಣದ ಹೊರೆ ಹೊರಿಸಿ ಕಳಿಸಬಾರದು’ ಅಂದನಂತೆ.

— ಹಾಗಾದ್ರೆ ಆ ನಾಲ್ಕು ಇರ್ಬೇಕಲ್ಲ!

— ನಾನೂ ಅದನ್ನೇ ಕೇಳಿದೆ. ಅವತ್ತೇ ನಾಲ್ಕು ಮನೆಯವರು ಕೇಳಿದ್ರು, ಕೊಟ್ಟೆ ಅಂದ. ‘ಒಂದು ನಮಗೆ ಇಟ್ಕೋಬಾರದಿತ್ತಾ’ ಅಂದೆ. ‘ನಮಗ್ಯಾಕೋ, ನಮ್ಮನೆಗೆ ಅದೇ ಇತ್ತಲ್ಲ’ ಅಂದ. ಮಿಕ್ಕವರ ಬಾಗಿಲಿಗೆ ಲಾಳ ಬೇಕು, ಕುದುರೆ ಇಲ್ಲ. ನಮಗೆ ಕುದುರೆಯೇ ಇದ್ದಾಗ ಲಾಳ ಹೊಡೆಯೋ ಯೋಚನೆಯೇ ಬಂದಿರಲಿಲ್ಲ. ಊರೆಲ್ಲ ಇದ್ದದ್ದು ನಮ್ಮ ಬಾಗಿಲಿಗೆ ಮಾತ್ರ ಇಲ್ಲ.

— ನಮ್ಮ ಗುಂಡ್ಲುಪೇಟೆಯಲ್ಲಿ ಇದಕ್ಕೆ ತಿರುವುಮುರುವು ಒಂದು ನಡೀತು ಮಾವ. ಬಂಡೀಪುರದ ಹುಲಿ, ಪ್ರಿನ್ಸ್. ಸಫಾರಿಯವರ ಗಾಡಿ ಕಂಡ್ರೆ ಓಡ್ತಿರಲಿಲ್ಲ, ದಾರಿಯಲ್ಲೇ ಮಲಗಿರ್ತಿತ್ತು. ಅದರ ಫೋಟೊ ತೆಗೆಯದ ಕ್ಯಾಮೆರಾ ಇಲ್ಲ. 2017ರ ಏಪ್ರಿಲ್‌ನಲ್ಲಿ ಕುಂದಕೆರೆ ವಲಯದಲ್ಲಿ ಸತ್ತು ಬಿದ್ದಿತ್ತು. ಸಂಬಂಧಿಕರು ಹೋದ ಹಾಗೆ ಜನ ಅತ್ತರು. ಆದ್ರೆ ಹುಲಿ ಸತ್ತರೆ ಅಧಿಕಾರಿಗಳ ಎದುರೇ ಪೂರ್ತಿ ಸುಡಬೇಕು ಅಂತ ನಿಯಮ. ಉಗುರು, ಹಲ್ಲು, ಚರ್ಮ, ಒಂದು ಮೀಸೆ ಕೂದಲೂ ಉಳೀಬಾರದು.

— ಉಳಿದ್ರೆ ಮಾರ್ತಾರೆ. ಅದಕ್ಕೆ ನಿಯಮ. ಒಳ್ಳೇದೇ.

— ಒಳ್ಳೇದೇ. ಆದ್ರೆ ನೋಡಿ, ಅದರ ಮುಖ ಸಾವಿರಾರು ಮನೆಯಲ್ಲಿ ಗೋಡೆ ಮೇಲಿದೆ, ಮೈಯ ಚೂರೂ ಎಲ್ಲೂ ಇಲ್ಲ. ನಿಮ್ಮ ಕುದುರೆದು ಕಾಲಿನ ಕಬ್ಬಿಣ ಊರೆಲ್ಲ ಇದೆ, ಮುಖ ಎಲ್ಲೂ ಇಲ್ಲ.

— ಆ ಮುಖದ ವಿಷಯ ಎತ್ತಬೇಡ. ಅದೇ ನೋವು.

— ಯಾಕೆ?

— ಅದರ ಹಣೆ ಮೇಲೆ ಬಿಳಿ ಇತ್ತು. ನಾನು ಉದ್ದಕೆ ಪಟ್ಟೆ ಅಂತೀನಿ, ನಾಮದ ಥರ. ನಿಮ್ಮಮ್ಮ ದುಂಡಗೆ ಚುಕ್ಕೆ ಅಂತಾಳೆ, ಕಾಸಗಲ. ಇಪ್ಪತ್ತು ವರ್ಷದಿಂದ ಜಗಳ ಆಡ್ತಿದ್ದೀವಿ. ಮೊದಮೊದಲು ನನಗೆ ಅನುಮಾನವೇ ಇರಲಿಲ್ಲ. ಈಗೀಗ ಕಣ್ಣು ಮುಚ್ಚಿದ್ರೆ ಒಮ್ಮೆ ಪಟ್ಟೆ ಕಾಣುತ್ತೆ, ಒಮ್ಮೆ ಚುಕ್ಕೆ. ತೀರ್ಮಾನ ಹೇಳೋಕೆ ಅಪ್ಪ ಇಲ್ಲ, ಅವ್ವ ಇಲ್ಲ. ಗುರುತು ಯಾಕೆ ಬೇಕು, ನೆನಪಿದ್ರೆ ಸಾಲದಾ ಅಂತ ಜನ ಸುಲಭವಾಗಿ ಹೇಳ್ತಾರಲ್ಲ, ಅವರಿಗೆ ಗೊತ್ತಿಲ್ಲ. ನೆನಪೂ ಲಾಳದ ಥರವೇ, ಓಡಿಸಿದಷ್ಟೂ ಸವೆಯುತ್ತೆ.

— ಹಾಗಾದ್ರೆ ಒಂದು ಕಲ್ಲಾದರೂ ಹಾಕಿಸ್ಬೇಕಿತ್ತು ತಾತ.

— ಹಾಕಿಸಿದವರೂ ಇದ್ದಾರೆ ನಮ್ಮಲ್ಲಿ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಓದಿದ್ದೀಯಲ್ಲ?

— ಕಾಳಿ ನಾಯಿದು.

— ಅದೇ. ಹತ್ತನೇ ಶತಮಾನ. ತಕ್ಕೋಲದ ಯುದ್ಧದಲ್ಲಿ ಚೋಳರನ್ನ ಸೋಲಿಸಿ ಬಂದ ಕಾಲ. ಗಂಗರ ಬೂತುಗನ ಕಡೆಯ ಮಣಲೇರನಿಗೆ ಏನು ಬೇಕೋ ಕೇಳು ಅಂದ್ರು. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿ ಕೊಡಿ ಅಂದ. ಅದು ಒಂದು ಹಂದಿ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಅಂಥ ದೊಡ್ಡ ಯುದ್ಧದ ಸುದ್ದಿ ನಮಗೆ ತಿಳಿಯೋಕೆ ಆ ನಾಯಿಯ ಕಲ್ಲೂ ಒಂದು ಆಧಾರ. ರಾಜರ ಗೆಲುವು ನಾಯಿ ಬೆನ್ನೇರಿ ನಮ್ಮ ತನಕ ಬಂತು.

— ಈಗ ಆ ಕಲ್ಲು ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

— ಹೂಂ. ನಾಯಿ ಇದ್ದ ಊರಲ್ಲಿ ಇಲ್ಲ. ಕಲ್ಲಿಗೂ ಕಾಲು ಬರುತ್ತೆ. ಅಷ್ಟು ದೂರ ಯಾಕೆ, ನಾವು ಕೂತಿರೋ ಈ ಊರನ್ನೇ ನೋಡು. ಹಿಂದೆ ಇದು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲಿ. 1796ರಲ್ಲಿ ಅವರು ತೀರಿಕೊಂಡಾಗ ಮುಮ್ಮಡಿಯವರು ಎರಡು ತುಂಬದ ಕೂಸು. ಅಪ್ಪನ ಮುಖ ಅವರಿಗೆ ನೆನಪಿದ್ದೀತೇ? ದೊಡ್ಡವರಾದ ಮೇಲೆ, 1818ರಲ್ಲಿ, ಅಪ್ಪ ಹುಟ್ಟಿದ ಊರಿಗೆ ಅಪ್ಪನ ಹೆಸರೇ ಇಟ್ರು. 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದ್ರು. ಹುಟ್ಟಿದ ಜಾಗದಲ್ಲಿ ಜನನ ಮಂಟಪ. ಮುಖ ಕಾಣದ ಮಗ ಒಂದು ಊರನ್ನೇ ಗುರುತು ಮಾಡ್ಕೊಂಡ. ಇವತ್ತು ನೀನು ಹಣ್ಣು ಜವನ ಎಸೆದೆಯಲ್ಲ, ಅದು ಆ ಗುರುತಿನ ತೇರಿಗೇ.

— ಆ ತೇರೂ ಹೋಯ್ತಲ್ಲ ಮಾವ. 2017ರಲ್ಲಿ ಬೆಂಕಿ ಬಿದ್ದು.

— ಬಿತ್ತು. ಐದು ವರ್ಷ ಈ ಊರಿಗೆ ತೇರಿಲ್ಲ. ಆಷಾಢ ಬಂದ್ರೆ ಬೀದಿ ಬಿಕೋ ಅನ್ನೋದು. 2022ರಲ್ಲಿ ಹೊಸ ತೇರು ಎಳೆದ ದಿನ ಹಳಬರು ಕಣ್ಣು ಒರೆಸ್ಕೊಂಡ್ರು, ನಾನೂ ಒರೆಸ್ಕೊಂಡೆ. ಆದ್ರೆ ತೇರು ಮರದ್ದು, ಹಳೇ ಅಳತೆ ನೋಡಿ ಹೊಸದು ಮಾಡಬಹುದು. ಅದಕ್ಕೆ ಹೊಸ ತೇರು ಅಂತ ಯಾರೂ ಬೇರೆ ಹೆಸರು ಹೇಳಲ್ಲ, ತೇರು ಅಂತಲೇ ಅಂತಾರೆ. ಕುದುರೆ ಹಂಗಲ್ಲ. ಇನ್ನೊಂದು ತಾ ಅಂತ ಎಷ್ಟೋ ಜನ ಹೇಳಿದ್ರು. ಅಪ್ಪ ತರಲಿಲ್ಲ. ಆಟೋಗಳೂ ಬರ್ತಿದ್ವು, ತಂದಿದ್ರೂ ನಡೀತಿರಲಿಲ್ಲ. ಆದ್ರೆ ತರದೆ ಇದ್ದದ್ದು ಅದಕ್ಕಲ್ಲ.

— ತಾತ ಅತ್ತರಾ?

— ನಾನು ನೋಡ್ಲಿಲ್ಲ. ಒಂದು ವಿಷಯ ಮಾತ್ರ ನೋಡಿದ್ದೀನಿ. ಸಾಯೋವರೆಗೂ ಅವನು ಈ ಊರಲ್ಲಿ ಆಟೋ ಹತ್ತಲಿಲ್ಲ. ಸ್ಟೇಷನ್ನಿಗೆ ನಡೆದೇ ಹೋಗೋನು, ನಡೆದೇ ಬರೋನು. ಅದೂ ಜಟಕಾ ಓಡ್ತಿದ್ದ ದಾರಿಯಲ್ಲೇ. ಸಂದಿಯಲ್ಲಿ ಹೋದ್ರೆ ಹತ್ತಿರ, ಹೋಗ್ತಿರಲಿಲ್ಲ. ಮಾರಿಗುಡಿ ಹತ್ತಿರ ಒಂದು ಕಡೆ ನಿಂತು ಮುಂದಕ್ಕೆ ಹೋಗೋನು. ಯಾಕಪ್ಪ ನಿಂತೆ ಅಂದ್ರೆ ‘ಸುಮ್ನೆ’ ಅನ್ನೋನು. ಆಮೇಲೆ ನೆನಪಾಯ್ತು, ಅಲ್ಲೊಂದು ನೀರಿನ ತೊಟ್ಟಿ ಇತ್ತು. ಕುದುರೆ ಅಲ್ಲಿ ತಾನಾಗೇ ನಿಲ್ತಿತ್ತು. ಕುದುರೆ ಹೋದ ಮೇಲೆ ಕುದುರೆಯ ಅಭ್ಯಾಸ ಅಪ್ಪನ ಕಾಲಿಗೆ ಬಂದಿತ್ತು.

— ಅದನ್ನ ಅವರು ಯಾರಿಗೂ ಕೊಡೋಕೆ ಆಗಲಿಲ್ಲ.

— ಆಗಲಿಲ್ಲ. ಅದನ್ನ ಕೇಳಿ ಯಾರೂ ಬರಲೂ ಇಲ್ಲ.

— ನೀವು? ನಿಮ್ಮ ಕಾಲು ಎಲ್ಲಿ ನಿಲ್ಲುತ್ತೆ?

— ನಗಬೇಡ. ನಾನು ಹಳೇ ಮನೆಗಳ ಬಾಗಿಲು ನೋಡ್ಕೊಂಡು ತಿರುಗ್ತೀನಿ. ರಿಟೈರ್ ಆದ ಮೇಲೆ ಹಿಡಿದ ಚಾಳಿ. ಹೊಸಿಲ ಮೇಲೆ ಲಾಳ ಕಂಡ್ರೆ ಬಗ್ಗಿ ನೋಡೋದು. ಮೊದಲು ಮನೆಯವರು ಅನುಮಾನ ಪಡ್ತಿದ್ರು, ಈಗ ‘ಮೇಷ್ಟ್ರು ಬಂದ್ರು’ ಅಂತ ಸುಮ್ಮನಾಗ್ತಾರೆ. ಹಳೇ ಮನೆ ಒಡೆದು ಹೊಸದು ಕಟ್ತಿದ್ದಾರಲ್ಲ, ಹಂಗೆ ಒಡೆಯೋ ಮನೆ ಇದ್ರೆ ಮುಂಚೆಯೇ ಹೋಗಿ ನೋಡಿ ಬರ್ತೀನಿ.

— ಸಿಕ್ತಾ?

— ಹೋದ ವರ್ಷ ಒಂದು ಸಿಕ್ತು. ನಮ್ಮ ಹಿಂದಿನ ಬೀದಿಯಲ್ಲೇ. ಬಾಗಿಲ ನೆತ್ತಿಯ ಮೇಲೆ. ಆ ಮನೆ ಅಜ್ಜಿ ಹೇಳಿದ್ರು, ‘ಇದು ನಿಮ್ಮಪ್ಪನೇ ಕೊಟ್ಟದ್ದು ಕಣಪ್ಪ, ಕುದುರೆ ಸತ್ತ ದಿನ ಬಂದು ಕೇಳಿ ತಗೊಂಡಿದ್ವಿ’ ಅಂತ. ಕೊನೇ ನಾಲ್ಕರಲ್ಲಿ ಒಂದು! ಕೈಕಾಲು ನಡುಗಿತು ನನಗೆ. ಸ್ಟೂಲು ತರಿಸಿ ಹತ್ತಿ ನೋಡಿದೆ. ನಲವತ್ತು ವರ್ಷದ ಅರಿಸಿನ ಕುಂಕುಮ, ಮೇಲೆ ವರ್ಷ ಬಿಟ್ಟು ವರ್ಷ ಬಾಗಿಲಿಗೆ ಹೊಡೆದ ಬಣ್ಣ. ಕಾವಿ ಮೇಲೆ ಹಸಿರು, ಹಸಿರ ಮೇಲೆ ಕಂದು. ಬಣ್ಣ ತುಂಬಿ ತುಂಬಿ ಲಾಳ ದುಂಡಗೆ ಊದಿಕೊಂಡಿತ್ತು. ಯಾವ ಮೂಲೆ ಸವೆದಿದೆ ಅಂತ ತಿಳಿಯೋ ಹಾಗಿರಲಿಲ್ಲ.

— ಕೆರೆದು ನೋಡ್ಬೇಕಿತ್ತು!

— ಅಜ್ಜಿಯೂ ಅದೇ ಅಂದ್ರು. ಅವರ ಮೊಮ್ಮಗ ಬ್ಲೇಡು ತಂದುಕೊಟ್ಟ. ಬೇಕಾದ್ರೆ ಕಿತ್ಕೊಂಡು ಹೋಗಿ ಅಂತಲೂ ಅಂದ.

— ಮತ್ತೆ?

— ಬ್ಲೇಡು ಕೈಲಿ ಹಿಡ್ಕೊಂಡು ಸ್ಟೂಲ ಮೇಲೆ ನಿಂತೇ ಇದ್ದೆ. ಕೆರೆದರೆ ಎರಡರಲ್ಲಿ ಒಂದು. ಹಿಂದಿನ ಬಲಗಾಲಿಂದಾದರೆ ಗುರುತು ಸಿಕ್ಕೀತು. ಬೇರೆ ಮೂರು ಕಾಲಿನದಾದರೆ ಅದು ಯಾವ ಕುದುರೆದಾದರೂ ಆಗಬಹುದು, ನನಗೆ ತಿಳಿಯೋಲ್ಲ. ಅಜ್ಜಿಯ ಮಾತನ್ನ ನಾನೇ ಅನುಮಾನಿಸಿದ ಹಾಗೆ. ಅದೂ ಅಲ್ಲದೆ ಅಪ್ಪ ಕೊಟ್ಟದ್ದನ್ನ ನಾನು ವಾಪಸ್ ಕೇಳಿದ ಹಾಗೆ. ಇಳಿದುಬಿಟ್ಟೆ. ಬಣ್ಣ ಹೊಡೆಯೋವಾಗ ಲಾಳ ಬಿಟ್ಟು ಹೊಡೀರಪ್ಪ ಅಂತಷ್ಟೇ ಹೇಳಿ ಬಂದೆ.

— ಇಷ್ಟು ಹತ್ತಿರ ಬಂದು ಬಿಟ್ಟುಬಂದಿರಾ ಮಾವ!

— ಬಿಟ್ಟುಬರಲಿಲ್ಲ. ದಿನಾ ಸಾಯಂಕಾಲ ಆ ಬೀದಿಯಲ್ಲೇ ಹೋಗ್ತೀನಿ. ಸಂದಿಯಲ್ಲಿ ಹೋದ್ರೆ ನನಗೂ ಹತ್ತಿರ.

— ಅತ್ತೆ ಕೂಗ್ತಿದ್ದಾರೆ, ಊಟಕ್ಕೆ. ಇದೇನು ವಾಸನೆ, ಹುರುಳಿ ಕಟ್ಟಿನ ಸಾರಾ?

— ನಿನಗೇ ಅಂತ ಮಾಡಿದ್ದಾಳೆ. ನಮ್ಮವ್ವ ಬೆಳಬೆಳಿಗ್ಗೆ ಕುದುರೆಗೆ ಹುರುಳಿ ಬೇಯೋಕೆ ಇಡ್ತಿದ್ಳು. ಬೆಂದ ಕಾಳು ಕುದುರೆಗೆ, ಬಸಿದ ಕಟ್ಟು ನಮಗೆ ಸಾರು. ಒಂದೇ ಮಡಕೆ. ಅದು ಕಾಳು ಉಂಡಿದ್ದಕ್ಕೆ ನಾವು ಕಟ್ಟು ಉಂಡಿದ್ದು.

— ಅದಕ್ಕೇನಾ!

— ಏನು?

— ನಮ್ಮಮ್ಮ ಇವತ್ತಿಗೂ ಬಸ್ಸಾರು ಮಾಡಿದಾಗ ಮನೆಗೆ ಸಾಕಾಗೋಷ್ಟು ಹುರುಳಿ ಹಾಕಿದ ಮೇಲೆ ಇನ್ನೊಂದು ಬೊಗಸೆ ಹಾಕ್ತಾರೆ. ನಾವಿರೋದು ಮೂರು ಜನ. ಪ್ರತಿ ಸಲ ಕಾಳು ಮಿಗುತ್ತೆ, ಮಾರನೇ ದಿನ ಉಸಲಿ, ಅದರ ಮಾರನೇ ದಿನವೂ ಉಸಲಿ. ಅಪ್ಪ ಬೈತಾರೆ. ‘ಏನು ಮಾಡ್ಲಿ, ಅವ್ವನ ಕೈ ಅಳತೆ, ಹಂಗೇ ಬಂದುಬಿಟ್ಟಿದೆ’ ಅಂತಾರೆ ಅಮ್ಮ. ಯಾಕೆ ಅಂತ ಅವರಿಗೂ ಗೊತ್ತಿಲ್ಲ.

— ಒಂದು ಬೊಗಸೆನಾ?

— ತುಂಬಿದ ಬೊಗಸೆ.

— ಕಡಿಮೆ ಆಯ್ತು. ಅದು ಎರಡು ಸೇರು ತಿನ್ನೋದು. ಇರ್ಲಿ, ಏಳು. ಕೈ ತೊಳ್ಕೋ. ಸಾಯಂಕಾಲ ಬಸ್ಸಿಗೆ ಹೋಗೋವಾಗ ಹಿಂದಿನ ಬೀದಿಯಲ್ಲೇ ಹೋಗೋಣ.